ಹೆಸರಿನ ಹಕ್ಕು: ಹದೀಸ್ ವಿದ್ವಾಂಸರು ಜನರನ್ನು ನೆನಪಿಟ್ಟುಕೊಂಡ ಬಗೆ

ಕೆಲವು ವರ್ಷಗಳ ಹಿಂದೆ ನಮ್ಮ ಮಸೀದಿಯಲ್ಲಿ ನಡೆದ ಒಂದು ಘಟನೆಯನ್ನು ಮೊದಲು ಹೇಳಿಬಿಡುತ್ತೇವೆ. ಫಜ್ರ್ ನಮಾಝ್ ಆಗಷ್ಟೇ ಮುಗಿದಿತ್ತು. ಮಸೀದಿಯ ಕಸ ಗುಡಿಸಿ, ವುಝೂ ಹೌಝಿಗೆ ನೀರು ತುಂಬಿಸಿ, ಚಾಪೆ ಹಾಸುತ್ತಿದ್ದ ವೃದ್ಧರೊಬ್ಬರು ರಾತ್ರಿ ತೀರಿಕೊಂಡರೆಂಬ ಸುದ್ದಿ ಬಂತು. ಜನಾಝಾದ ಸಮಯವನ್ನು ಘೋಷಿಸಲು ಮುಅಝ್ಝಿನರು ಮೈಕ್ ಬಳಿ ಹೋದರು. ಅಲ್ಲಿಂದಲೇ ನಮ್ಮ ಕಡೆಗೆ ತಿರುಗಿ, "ಹಜ್ರತ್, ಚಾಚಾರ ಹೆಸರೇನು?" ಎಂದು ಕೇಳಿದರು. ನಮಗೆ ತಿಳಿದಿರಲಿಲ್ಲ. ಮುತವಲ್ಲಿಯವರಿಗೂ ತಿಳಿದಿರಲಿಲ್ಲ. ಮೊದಲ ಸಫ್ಫಿನಲ್ಲಿ ಕುಳಿತಿದ್ದ ಹಿರಿಯರು ಪರಸ್ಪರ ಮುಖ ನೋಡಿಕೊಂಡರು. 11 ವರ್ಷಗಳ ಕಾಲ ನಾವೆಲ್ಲರೂ ಅವರನ್ನು 'ಚಾಚಾ' ಎಂದೇ ಕರೆದಿದ್ದೆವು. ಕೊನೆಗೆ ಅವರ ಕೋಣೆಯ ತಗಡಿನ ಪೆಟ್ಟಿಗೆಯಲ್ಲಿದ್ದ ಆಧಾರ್ ಕಾರ್ಡನ್ನು ತರಿಸಿ, ಅದರಲ್ಲಿದ್ದ ಹೆಸರನ್ನೂ ತಂದೆಯ ಹೆಸರನ್ನೂ ಓದಿ ಘೋಷಿಸಲಾಯಿತು.

ಅಂದು ಕಬರಸ್ತಾನದಿಂದ ಮರಳುವಾಗ ನಮ್ಮ ಮನಸ್ಸನ್ನು ಚುಚ್ಚಿದ್ದು, ನಾವೇ ಎಷ್ಟೋ ಬಾರಿ ಮಕ್ಕಳಿಗೆ ಪಾಠ ಹೇಳಿದ್ದ ಒಂದು ಹದೀಸ್. ಅಬೂ ಹುರೈರಾ(ರ) ವರದಿ ಮಾಡಿರುವ ಆ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಪ್ರವಾದಿವರ್ಯರ(ಸ) ಮಸೀದಿಯನ್ನು ಕಪ್ಪು ವರ್ಣದ ಮಹಿಳೆಯೊಬ್ಬರು ಗುಡಿಸುತ್ತಿದ್ದರು. ಕೆಲವು ದಿನ ಅವರು ಕಾಣಿಸದಿದ್ದಾಗ ಪ್ರವಾದಿವರ್ಯರು(ಸ) ವಿಚಾರಿಸಿದರು. ಅವರು ಮರಣ ಹೊಂದಿದರೆಂದು ಸಹಾಬಿಗಳು ತಿಳಿಸಿದರು. ನನಗೇಕೆ ತಿಳಿಸಲಿಲ್ಲವೆಂದು ಪ್ರವಾದಿವರ್ಯರು(ಸ) ಕೇಳಿದರು. ಅದು ಅಷ್ಟು ದೊಡ್ಡ ವಿಷಯವಲ್ಲವೆಂದು ಜನರು ಭಾವಿಸಿದಂತಿತ್ತು. ಆಗ ಪ್ರವಾದಿವರ್ಯರು(ಸ) ಆಕೆಯ ಸಮಾಧಿಯನ್ನು ತೋರಿಸುವಂತೆ ಹೇಳಿ, ಅಲ್ಲಿಗೇ ಹೋಗಿ ನಮಾಝ್ ನಿರ್ವಹಿಸಿದರು.

ಈ ವರದಿಯಲ್ಲಿ ಆ ಮಹಿಳೆಯ ಹೆಸರಿಲ್ಲ. ಗುಡಿಸುತ್ತಿದ್ದವರು ಸ್ತ್ರೀಯೋ ಪುರುಷರೋ ಎಂಬ ಸಂದೇಹ ಕೂಡ ವರದಿಗಾರರ ಮಾತಿನಲ್ಲಿ ಕಾಣುತ್ತದೆ. ಆದರೆ ನಮ್ಮ ಪೂರ್ವಿಕ ವಿದ್ವಾಂಸರು ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. ಇಮಾಮ್ ಬೈಹಕೀ(ರ) ಉದ್ಧರಿಸಿದ ಇನ್ನೊಂದು ವರದಿಯಲ್ಲಿ ಆಕೆಯ ಹೆಸರು ಉಮ್ಮು ಮಿಹ್ಜನ್ ಎಂದು ಬಂದಿದೆ. ಹಲವು ಶತಮಾನಗಳ ಬಳಿಕ ಇಬ್ನ್ ಹಜರ್ ಅಸ್ಕಲಾನೀ(ರ) (ಹಿಜರಿ 773-852) ತಮ್ಮ 'ಫತ್‌ಹುಲ್ ಬಾರಿ'ಯಲ್ಲಿ ಆ ಹೆಸರನ್ನು ಎತ್ತಿ ತೋರಿಸಿದರು. ಪೊರಕೆ ಹಿಡಿದ ಒಬ್ಬ ಬಡ ಮಹಿಳೆಯ ಹೆಸರನ್ನು ಹುಡುಕಲು ಇಸ್ಲಾಮೀ ಲೋಕದ ಮಹಾ ವಿದ್ವಾಂಸರು ಗ್ರಂಥಗಳನ್ನು ತಿರುವಿ ಹಾಕಿದರು. ನಮಗಾದರೋ 11 ವರ್ಷ ಕಣ್ಣೆದುರೇ ಇದ್ದವರ ಹೆಸರನ್ನು ಕೇಳಲು ಬಿಡುವಾಗಿರಲಿಲ್ಲ.

ನಮಗೆ ಹೆಸರು ನೆನಪಿರುವುದಿಲ್ಲವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನೆನಪಿನ ಶಕ್ತಿ ಹುಟ್ಟಿನಿಂದ ಬರುವ ವರ, ಅದು ಕೆಲವರಿಗೆ ಮಾತ್ರ ದೊರೆತಿದೆ ಎಂಬುದು ನಮ್ಮ ಸಮಾಧಾನ. ಆದರೆ ಸಾವಿರಾರು ಜನರ ಹೆಸರುಗಳನ್ನು ಎದೆಯಲ್ಲಿ ಹೊತ್ತು ನಡೆದ ಹದೀಸ್ ವಿದ್ವಾಂಸರ ಚರಿತ್ರೆಯನ್ನು ಓದಿದರೆ ಬೇರೆಯೇ ವಿಷಯ ತಿಳಿಯುತ್ತದೆ. ಅವರಿಗೆ ಅಲ್ಲಾಹನು ಕೊಟ್ಟ ಶಕ್ತಿ ಇತ್ತು, ನಿಜ. ಅದರ ಜೊತೆಗೆ ಅವರಿಗೆ ಕ್ರಮಗಳಿದ್ದವು. ಆ ಕ್ರಮಗಳನ್ನು ಯಾರು ಬೇಕಾದರೂ ಕಲಿಯಬಹುದು.

ಹೆಸರು ಏಕೆ ಬೇಕಾಯಿತು?

ಆರಂಭದ ದಿನಗಳಲ್ಲಿ ಹದೀಸ್ ಹೇಳುವವರನ್ನು, ಇದನ್ನು ಯಾರಿಂದ ಕೇಳಿದಿರಿ ಎಂದು ಜನರು ಪ್ರಶ್ನಿಸುತ್ತಿರಲಿಲ್ಲ. ಸಮುದಾಯದಲ್ಲಿ ಫಿತ್ನಾ ತಲೆದೋರಿದ ಬಳಿಕ ವರದಿಗಾರರ ಹೆಸರುಗಳನ್ನು ಕೇಳತೊಡಗಿದರು. ಬಸರಾದ ತಾಬಿಈ ಮುಹಮ್ಮದ್ ಇಬ್ನ್ ಸೀರೀನ್(ರ) (ಮರಣ ಹಿಜರಿ 110) ಹೇಳಿದ ಈ ವಿಷಯವನ್ನು ಇಮಾಮ್ ಮುಸ್ಲಿಮ್(ರ) ತಮ್ಮ 'ಸಹೀಹ್'ನ ಮುನ್ನುಡಿಯಲ್ಲಿ ದಾಖಲಿಸಿದ್ದಾರೆ. ಹೀಗೆ ಪ್ರತಿಯೊಂದು ಹದೀಸಿನ ಮುಂದೆಯೂ ಹೆಸರುಗಳ ಒಂದು ಸರಪಣಿ, ಅಂದರೆ ಸನದ್, ಸೇರಿಕೊಂಡಿತು. ಸರಪಣಿಯ ಒಂದು ಕೊಂಡಿ ತಪ್ಪಿದರೂ, ಒಬ್ಬರ ಹೆಸರಿಗೆ ಮತ್ತೊಬ್ಬರ ಹೆಸರು ಬಂದರೂ ದೀನಿನ ವಿಷಯದಲ್ಲಿಯೇ ತಪ್ಪಾಗುವ ಭಯವಿತ್ತು. ಆದುದರಿಂದ ಹೆಸರನ್ನು ಸರಿಯಾಗಿ ನೆನಪಿಟ್ಟುಕೊಳ್ಳುವುದು ಅವರ ಪಾಲಿಗೆ ಅಮಾನತ್ತಿನ ವಿಷಯವಾಯಿತು.

ಇಮಾಮ್ ಬುಖಾರಿ(ರ) (ಹಿಜರಿ 194-256) ಬಗ್ದಾದಿಗೆ ಬಂದಾಗ ನಡೆದ ಪರೀಕ್ಷೆಯ ಪ್ರಸಂಗವನ್ನು ನಮ್ಮಲ್ಲಿ ಬಹಳ ಮಂದಿ ಕೇಳಿರಬಹುದು. ಖತೀಬ್ ಬಗ್ದಾದೀ(ರ) ತಮ್ಮ ಗ್ರಂಥದಲ್ಲಿ ಇದನ್ನು ವರದಿ ಮಾಡಿದ್ದಾರೆ. ಅಲ್ಲಿನ ವಿದ್ವಾಂಸರು 100 ಹದೀಸ್‌ಗಳನ್ನು ಆರಿಸಿ, ಒಂದರ ಸನದನ್ನು ಮತ್ತೊಂದಕ್ಕೆ ಜೋಡಿಸಿ, 10 ಮಂದಿಗೆ ತಲಾ ಹತ್ತರಂತೆ ಹಂಚಿದರು. ತುಂಬಿದ ಸಭೆಯಲ್ಲಿ ಅವರು ಒಬ್ಬೊಬ್ಬರಾಗಿ ಅವನ್ನು ಓದಿ ಕೇಳಿದರು. ಪ್ರತಿಯೊಂದಕ್ಕೂ ಇಮಾಮರು ತಮಗೆ ತಿಳಿಯದೆಂದಷ್ಟೇ ಉತ್ತರಿಸಿದರು. ಹತ್ತೂ ಮಂದಿ ಮುಗಿಸಿದ ಮೇಲೆ ಮೊದಲನೆಯವರ ಕಡೆಗೆ ತಿರುಗಿ, ಅವರು ಹೇಳಿದ ಕ್ರಮದಲ್ಲಿಯೇ ಪ್ರತಿಯೊಂದು ಹದೀಸಿಗೂ ಅದರ ನಿಜವಾದ ಸನದನ್ನು ಸೇರಿಸಿ ಹೇಳಿದರು. ಉಳಿದ ಒಂಬತ್ತು ಮಂದಿಗೂ ಹಾಗೆಯೇ ಮಾಡಿದರು. ಈ ಪ್ರಸಂಗದ ಕುರಿತು ಇಬ್ನ್ ಹಜರ್(ರ) ಗಮನಿಸಿದ ಸೂಕ್ಷ್ಮವೊಂದಿದೆ. ತಪ್ಪನ್ನು ಸರಿಪಡಿಸಿದ್ದು ದೊಡ್ಡ ಆಶ್ಚರ್ಯವಲ್ಲ, ಏಕೆಂದರೆ ಸರಿಯಾದದ್ದು ಅವರಿಗೆ ಮೊದಲೇ ಕಂಠಪಾಠವಾಗಿತ್ತು. ಒಮ್ಮೆ ಮಾತ್ರ ಕೇಳಿದ ತಪ್ಪುಗಳನ್ನು ಅದೇ ಕ್ರಮದಲ್ಲಿ ನೆನಪಿಟ್ಟದ್ದೇ ಆಶ್ಚರ್ಯ.

ಇದನ್ನು ಕೇಳಿ ಮೈ ಮರೆಯುವುದಷ್ಟೇ ಸಾಲದು. ಅವರು ಆ ಮಟ್ಟಕ್ಕೆ ಏರಿದ ಮೆಟ್ಟಿಲುಗಳನ್ನೂ ನೋಡಬೇಕು.

ಪೂರ್ಣವಾಗಿ ಕೇಳುವುದು

ಮೊದಲ ಮೆಟ್ಟಿಲು, ಹೆಸರನ್ನು ಪೂರ್ಣವಾಗಿ ಕೇಳಿ ತಿಳಿಯುವುದು. ಹದೀಸ್ ವಿದ್ವಾಂಸರಿಗೆ ಒಬ್ಬ ವ್ಯಕ್ತಿಯ ಹೆಸರೆಂದರೆ ಐದು ವಿಷಯಗಳು: ಇಸ್ಮ್, ಅಂದರೆ ಇಟ್ಟ ಹೆಸರು, ನಸಬ್, ತಂದೆ ತಾತಂದಿರ ಹೆಸರು, ಕುನಿಯತ್, ಮಕ್ಕಳ ಮೂಲಕ ಬಂದ ಹೆಸರು, ನಿಸ್ಬತ್, ಊರು, ಕುಲ ಅಥವಾ ಕಸುಬಿನ ಗುರುತು, ಲಕಬ್, ಜನರಿಟ್ಟ ಅಡ್ಡಹೆಸರು. ಒಂದು ಎಳೆ ಕೈತಪ್ಪಿದರೆ ಮತ್ತೊಂದು ಎಳೆ ಹಿಡಿದು ವ್ಯಕ್ತಿಯನ್ನು ತಲುಪಬಹುದು. ಅಬೂ ಹುರೈರಾ(ರ)ರನ್ನೇ ನೋಡಿರಿ. ಅವರಿಗೆ ಇಟ್ಟ ಹೆಸರು ಯಾವುದೆಂಬುದರಲ್ಲಿ ವಿದ್ವಾಂಸರಲ್ಲಿ ಹಲವು ಅಭಿಪ್ರಾಯಗಳಿವೆ. ಅಬ್ದುರ್‍ರಹ್ಮಾನ್ ಇಬ್ನ್ ಸಖ್ರ್ ಎಂಬುದು ಅವುಗಳಲ್ಲಿ ಹೆಚ್ಚು ಪ್ರಸಿದ್ಧ. ಆದರೆ ಬೆಕ್ಕಿನ ಮರಿಯ ನೆನಪನ್ನು ಹೊತ್ತ ಆ ಕುನಿಯತ್ ಹದಿನಾಲ್ಕು ಶತಮಾನಗಳಿಂದ ಮಗುವಿನ ನಾಲಿಗೆಯ ಮೇಲೂ ಇದೆ.

ಅಬೂ ಹುರೈರಾ(ರ)ರ ಪ್ರಮುಖ ಶಿಷ್ಯರಲ್ಲೊಬ್ಬರು ಅಬೂ ಸಾಲಿಹ್ ಅಸ್ಸಮ್ಮಾನ್(ರ). ಅವರ ಹೆಸರು ಝಕ್ವಾನ್. ಅವರು ಮದೀನಾದಿಂದ ಕೂಫಾಕ್ಕೆ ತುಪ್ಪ ಮತ್ತು ಎಣ್ಣೆಯನ್ನು ಒಯ್ದು ಮಾರುತ್ತಿದ್ದುದರಿಂದ 'ಸಮ್ಮಾನ್', ಅಂದರೆ ತುಪ್ಪದ ವ್ಯಾಪಾರಿ, ಎಂಬ ಗುರುತು ಉಳಿಯಿತು. ನಮ್ಮ ನಾಡಿನಲ್ಲಿಯೂ ಅತ್ತಾರ್, ನದಾಫ್, ಬಾಗವಾನ್ ಎಂಬ ಮನೆತನಗಳ ಹೆಸರುಗಳು ಕಸುಬಿನಿಂದಲೇ ಬಂದಿವೆ. ಒಮ್ಮೆ ಅರ್ಥ ತಿಳಿದರೆ ಅಂಗಡಿಯ ಅತ್ತರಿನ ಪರಿಮಳದೊಂದಿಗೆ ಹೆಸರೂ ಮನಸ್ಸಿನಲ್ಲಿ ನಿಲ್ಲುತ್ತದೆ.

ಯಾರೊಂದಿಗಾದರೂ ಸ್ನೇಹ ಬೆಳೆಸುವವನು ಅವನ ಹೆಸರು, ತಂದೆಯ ಹೆಸರು ಮತ್ತು ಕುಲವನ್ನು ಕೇಳಿ ತಿಳಿಯಲಿ, ಅದರಿಂದ ಪ್ರೀತಿ ಗಟ್ಟಿಯಾಗುತ್ತದೆ ಎಂಬ ಆಶಯದ ಒಂದು ವರದಿ ತಿರ್ಮಿದಿಯಲ್ಲಿದೆ. ಅದನ್ನು ವರದಿ ಮಾಡಿದ ಯಝೀದ್ ಇಬ್ನ್ ನುಆಮಾ ಪ್ರವಾದಿವರ್ಯರಿಂದ(ಸ) ನೇರವಾಗಿ ಕೇಳಿದ್ದು ತಿಳಿದುಬಂದಿಲ್ಲವೆಂದು ಇಮಾಮ್ ತಿರ್ಮಿದಿ(ರ) ಅವರೇ ಎಚ್ಚರಿಸಿದ್ದಾರೆ. ಆದುದರಿಂದ ಅದನ್ನು ಪ್ರವಾದಿವಚನವೆಂದು ಖಚಿತವಾಗಿ ಹೇಳುವಂತಿಲ್ಲ. ಆದರೂ ಅದರಲ್ಲಿರುವ ಅನುಭವ ಸತ್ಯವಾದುದು. ಮೂರು ಪ್ರಶ್ನೆ ಕೇಳಿದವನ ನೆನಪಿನಲ್ಲಿ ಹೆಸರಿಗೆ ಮೂರು ಬೇರುಗಳು ಇಳಿಯುತ್ತವೆ.

ಊರು ಮತ್ತು ಗುರುವಿನೊಂದಿಗೆ ಜೋಡಿಸುವುದು

ಎರಡನೆಯ ಮೆಟ್ಟಿಲು, ಹೆಸರನ್ನು ಒಂದು ಸ್ಥಳಕ್ಕೋ ಸಂಬಂಧಕ್ಕೋ ಕಟ್ಟುವುದು. ಸನದ್‌ನಲ್ಲಿ ಕೇವಲ 'ಅಬ್ದುಲ್ಲಾಹ್' ಎಂದಿದ್ದರೆ ಯಾರೆಂದು ತಿಳಿಯುವುದು ಹೇಗೆ? ಅದಕ್ಕೊಂದು ಸರಳ ಸೂತ್ರವನ್ನು ವಿದ್ವಾಂಸರು ಹೇಳಿಕೊಟ್ಟರು. ಮಕ್ಕಾದಲ್ಲಿ ಹೇಳಿದರೆ ಇಬ್ನ್ ಝುಬೈರ್, ಮದೀನಾದಲ್ಲಿ ಇಬ್ನ್ ಉಮರ್, ಕೂಫಾದಲ್ಲಿ ಇಬ್ನ್ ಮಸ್ಊದ್, ಬಸರಾದಲ್ಲಿ ಇಬ್ನ್ ಅಬ್ಬಾಸ್, ಖುರಾಸಾನಿನಲ್ಲಿ ಇಬ್ನ್ ಮುಬಾರಕ್. ಐದು ಊರುಗಳನ್ನು ನೆನಪಿಟ್ಟರೆ ಐವರು ಅಬ್ದುಲ್ಲಾಹರು ತಮ್ಮ ತಮ್ಮ ಮನೆಯ ಬಾಗಿಲಲ್ಲಿ ನಿಂತಿರುತ್ತಾರೆ.

ಮದ್ರಸದ ಮಕ್ಕಳಿಗೂ ಪರಿಚಿತವಾದ, ಕರ್ಮಗಳು ಉದ್ದೇಶಗಳನ್ನು ಅವಲಂಬಿಸಿವೆ ಎಂಬ ಬುಖಾರಿಯ ಮೊದಲ ಹದೀಸಿನ ಸನದನ್ನೇ ತೆಗೆದುಕೊಳ್ಳೋಣ. ಅದರ ಆರಂಭದಲ್ಲಿ ಹುಮೈದೀ ಅಬ್ದುಲ್ಲಾಹ್ ಇಬ್ನ್ ಝುಬೈರ್ ಎಂಬ ಹೆಸರಿದೆ. ಇವರು ಇಮಾಮ್ ಬುಖಾರಿಯವರ ಗುರು. ಅದೇ ಹೆಸರಿನ ಪ್ರಸಿದ್ಧ ಸಹಾಬಿಯಲ್ಲ. 'ಹುಮೈದೀ' ಎಂಬ ಒಂದೇ ನಿಸ್ಬತ್ ಆ ಗೊಂದಲವನ್ನು ನಿವಾರಿಸುತ್ತದೆ. ಅವರ ನಂತರ 'ಸುಫ್ಯಾನ್' ಎಂದಷ್ಟೇ ಇದೆ. ಸುಫ್ಯಾನ್ ಸೌರೀ(ರ)ಯೋ, ಸುಫ್ಯಾನ್ ಇಬ್ನ್ ಉಯೈನಾ(ರ)ರೋ? ಹುಮೈದೀ ಮಕ್ಕಾದವರು, ಇಬ್ನ್ ಉಯೈನಾರ ಆಪ್ತ ಶಿಷ್ಯರು. ಶಿಷ್ಯನನ್ನು ತಿಳಿದವನಿಗೆ ಗುರು ಯಾರೆಂದು ತಾನಾಗಿ ತಿಳಿಯುತ್ತದೆ. ಒಂಟಿ ಹೆಸರು ಬೇಗ ಜಾರುತ್ತದೆ, ನಂಟಿನೊಂದಿಗೆ ಇರುವ ಹೆಸರು ಉಳಿಯುತ್ತದೆ.

ಒಂದೇ ರೀತಿಯ ಹೆಸರುಗಳನ್ನು ಬೇರ್ಪಡಿಸುವುದು

ಕನ್ನಡ ಲಿಪಿಯಲ್ಲಿ 'ಸಲೀಮ್' ಮತ್ತು 'ಸುಲೈಮ್' ಎಂದು ಬರೆದರೆ ಗೊಂದಲವಿಲ್ಲ. ಅರಬಿಯಲ್ಲಿ ಸ್ವರಚಿಹ್ನೆಗಳಿಲ್ಲದೆ ಬರೆದರೆ ಎರಡೂ ಒಂದೇ. ಚುಕ್ಕೆ ಬಿಟ್ಟು ಬರೆದರಂತೂ 'ಹಿಝಾಮ್' ಮತ್ತು 'ಹರಾಮ್' ಎಂಬ ಹೆಸರುಗಳೂ ಒಂದೇ ರೂಪ ತಾಳುತ್ತವೆ. ಇದಕ್ಕಾಗಿಯೇ 'ಮುಅ್ತಲಿಫ್ ವ ಮುಖ್ತಲಿಫ್' ಎಂಬ ಶಾಸ್ತ್ರ ಬೆಳೆಯಿತು. ಇಮಾಮ್ ದಾರಕುತ್ನೀ(ರ) (ಹಿಜರಿ 306-385) ಇದರಲ್ಲಿ ದೊಡ್ಡ ಗ್ರಂಥವನ್ನು ರಚಿಸಿದರು. ಇಬ್ನುಸ್ಸಲಾಹ್(ರ) (ಹಿಜರಿ 577-643) ವಿದ್ಯಾರ್ಥಿಗಳಿಗೆ ಅನುಕೂಲವಾಗುವಂತೆ ಇಂತಹ ಸೂತ್ರಗಳನ್ನು ಒಂದೆಡೆ ಸೇರಿಸಿದರು. ಖುರೈಷರಲ್ಲಿ ಬಂದರೆ 'ಹಿಝಾಮ್', ಅನ್ಸಾರರಲ್ಲಿ ಬಂದರೆ 'ಹರಾಮ್' ಎಂಬುದು ಅವುಗಳಲ್ಲೊಂದು. ಖದೀಜಾ(ರ)ರ ಸೋದರಳಿಯ ಹಕೀಮ್ ಇಬ್ನ್ ಹಿಝಾಮ್(ರ) ಖುರೈಷಿ. ಜಾಬಿರ್ ಇಬ್ನ್ ಅಬ್ದುಲ್ಲಾಹ್(ರ)ರ ಮುತ್ತಾತ ಹರಾಮ್ ಅನ್ಸಾರರ ಪೂರ್ವಿಕ. ಸಾವಿರ ಹೆಸರುಗಳನ್ನು ಒಂದೊಂದಾಗಿ ಉರುಹೊಡೆಯುವುದಕ್ಕಿಂತ ಒಂದು ನಿಯಮವನ್ನೂ ಅದರ ಕೆಲವು ಅಪವಾದಗಳನ್ನೂ ಕಲಿಯುವುದು ಹಗುರವೆಂದು ಅವರು ಕಂಡುಕೊಂಡಿದ್ದರು.

ಅಡ್ಡಹೆಸರು ಮತ್ತು ಅದರ ಅದಬ್

ಹೆಸರು ಮರೆತಾಗ ಮನುಷ್ಯನ ರೂಪವನ್ನು ಹೇಳಿ ಗುರುತಿಸುವುದು ಎಲ್ಲ ಕಾಲದ ಅಭ್ಯಾಸ. 'ಆ ಕುಂಟರು', 'ಆ ಕುಳ್ಳಗಿನವರು' ಎಂದು ನಾವೂ ಹೇಳುತ್ತೇವೆ. ಹದೀಸ್ ಗ್ರಂಥಗಳಲ್ಲಿಯೂ ಅಅ್‌ರಜ್ (ಕುಂಟರು), ಅಅ್‌ಮಶ್ (ದೃಷ್ಟಿ ಮಂದವಾದವರು) ಮುಂತಾದ ಲಕಬ್‌ಗಳಿವೆ. ಆದರೆ ಅಡ್ಡಹೆಸರುಗಳಿಂದ ಪರಸ್ಪರರನ್ನು ಹೀಗಳೆಯಬಾರದೆಂದು ಸೂರಃ ಅಲ್ ಹುಜುರಾತ್‌ನ 11ನೆಯ ವಚನ ನಿಷೇಧಿಸಿದೆ. ಈ ಎರಡರ ನಡುವೆ ವಿದ್ವಾಂಸರು ಗೆರೆಯೊಂದನ್ನು ಎಳೆದರು. ಬೇರೆ ಗುರುತೇ ಇಲ್ಲದಿದ್ದಲ್ಲಿ ಪರಿಚಯಕ್ಕಾಗಿ ಮಾತ್ರ ಹೇಳಬಹುದು. ಹೀನಾಯಿಸಲು ಹೇಳಿದರೆ ಅದು ಪಾಪ. ಇಸ್ಮಾಈಲ್ ಇಬ್ನ್ ಇಬ್ರಾಹೀಮ್(ರ) ಎಂಬ ಬಸರಾದ ವಿದ್ವಾಂಸರು ತಾಯಿಯ ಹೆಸರಿನಿಂದ 'ಇಬ್ನ್ ಉಲಯ್ಯಾ' ಎಂದು ಪ್ರಸಿದ್ಧರಾಗಿದ್ದರು, ಆದರೆ ಅವರಿಗೆ ಹಾಗೆ ಕರೆಸಿಕೊಳ್ಳುವುದು ಇಷ್ಟವಿರಲಿಲ್ಲ. ಇಮಾಮ್ ಶಾಫಿಈ(ರ) ಅವರಿಂದ ವರದಿ ಮಾಡುವಾಗ, ಜನರು ಇಬ್ನ್ ಉಲಯ್ಯಾ ಎನ್ನುವ ಇಸ್ಮಾಈಲ್ ಎಂದು ಹೇಳುತ್ತಿದ್ದರು. ಗುರುತೂ ಉಳಿಯಿತು, ಮನಸ್ಸೂ ನೋಯಲಿಲ್ಲ.

ಲಕಬ್‌ಗಳ ಹಿಂದಿನ ಕಥೆಯನ್ನು ಕೇಳಿ ತಿಳಿಯುವುದು ಕೂಡ ನೆನಪಿನ ಒಂದು ಕ್ರಮವಾಗಿತ್ತು. ಮುಆವಿಯಾ ಇಬ್ನ್ ಅಬ್ದುಲ್ ಕರೀಮ್ ಅವರಿಗೆ 'ಝಾಲ್ಲ್', ಅಂದರೆ ದಾರಿ ತಪ್ಪಿದವರು, ಎಂಬ ಅಡ್ಡಹೆಸರಿತ್ತು. ಅವರು ತಪ್ಪಿದ್ದು ದೀನಿನ ದಾರಿಯನ್ನಲ್ಲ, ಮಕ್ಕಾಕ್ಕೆ ಹೋಗುವ ದಾರಿಯನ್ನು! ಖಾಲಿದ್ 'ಹಝ್ಝಾ', ಅಂದರೆ ಚಮ್ಮಾರ, ಎಂದು ಪ್ರಸಿದ್ಧರಾದವರು ಚಪ್ಪಲಿ ಹೊಲಿದವರಲ್ಲ. ಹೊಲಿಯುವವರ ಅಂಗಡಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ಇಂತಹ ಕಥೆಯನ್ನು ಒಮ್ಮೆ ಕೇಳಿದವರು ಆ ಹೆಸರನ್ನು ಮತ್ತೆ ಮರೆಯುವುದುಂಟೇ?

ಇಮಾಮ್ ಬುಖಾರಿ(ರ) ತಮ್ಮ 'ತಾರೀಖುಲ್ ಕಬೀರ್'ನಲ್ಲಿ 12 ಸಾವಿರಕ್ಕೂ ಹೆಚ್ಚು ವರದಿಗಾರರ ಹೆಸರುಗಳನ್ನು ದಾಖಲಿಸಿದ್ದಾರೆ. ಪ್ರವಾದಿವರ್ಯರ(ಸ) ಗೌರವಾರ್ಥ ಮೊದಲು ಮುಹಮ್ಮದ್ ಎಂಬ ಹೆಸರಿನವರನ್ನು ಇಟ್ಟು, ಬಳಿಕ ಅಕ್ಷರಕ್ರಮದಲ್ಲಿ ಇತರರನ್ನು ಜೋಡಿಸಿದರು. ಅದರಲ್ಲಿನ ಬಹುತೇಕ ಎಲ್ಲ ಹೆಸರುಗಳಿಗೂ ತಮ್ಮಲ್ಲೊಂದು ಕಥೆ ಇದೆಯೆಂದೂ, ಗ್ರಂಥ ಬೆಳೆಯಬಾರದೆಂದು ಅವನ್ನು ಬಿಟ್ಟೆನೆಂದೂ ಅವರು ಹೇಳಿದ್ದರು. ಬಗ್ದಾದಿನ ಸಭೆಯಲ್ಲಿ ಕಂಡ ಆ ನೆನಪಿನ ಗುಟ್ಟು ಇಲ್ಲಿದೆ. ಅವರ ಎದೆಯಲ್ಲಿ ಇದ್ದುದು ಬರಿಯ ಹೆಸರುಗಳ ಪಟ್ಟಿಯಲ್ಲ, ಸಾವಿರಾರು ಮನುಷ್ಯರ ಬದುಕು.

ಮತ್ತೆ ಮತ್ತೆ ಹೇಳುವುದು

ಇಷ್ಟೆಲ್ಲ ಮಾಡಿದ ಮೇಲೂ ಅವರು ತಮ್ಮ ನೆನಪನ್ನು ನಂಬಿ ಸುಮ್ಮನೆ ಕುಳಿತವರಲ್ಲ. ಇಮಾಮ್ ಝುಹ್ರೀ(ರ) (ಮರಣ ಹಿಜರಿ 124) ಪಾಠ ಕೇಳಿ ಮನೆಗೆ ಬಂದು, ಮಲಗಿದ್ದ ಸೇವಕಿಯನ್ನು ಎಬ್ಬಿಸಿ, ಇಂತಹವರು ನನಗೆ ಹೀಗೆ ಹೇಳಿದರು ಎಂದು ಎಲ್ಲವನ್ನೂ ಒಪ್ಪಿಸುತ್ತಿದ್ದರು. ಅದರಿಂದ ತನಗೇನೆಂದು ಆಕೆ ಕೇಳಿದಾಗ, ನಿನಗೆ ಪ್ರಯೋಜನವಿಲ್ಲವೆಂದು ಬಲ್ಲೆ, ನನಗೆ ನೆನಪಾಗಲೆಂದು ಹೇಳಿದೆ ಎಂದರಂತೆ. ಇಸ್ಮಾಈಲ್ ಇಬ್ನ್ ರಜಾ(ರ) ಮರೆಯದಿರಲೆಂದು ಮಕ್ತಬಿನ ಹುಡುಗರನ್ನು ಕಲೆಹಾಕಿ ಅವರಿಗೆ ಹದೀಸ್ ಹೇಳುತ್ತಿದ್ದರು. ವಿದ್ವಾಂಸರು ಪರಸ್ಪರ ಕುಳಿತು ಮುಝಾಕರಾ ನಡೆಸುತ್ತಿದ್ದರು. ಬರೆದೂ ಇಡುತ್ತಿದ್ದರು. ಇಬ್ನ್ ಸಅದ್(ರ) (ಮರಣ ಹಿಜರಿ 230) ತಮ್ಮ 'ತಬಕಾತ್'ನಲ್ಲಿ ಜನರನ್ನು ತಲೆಮಾರು ಮತ್ತು ಊರುಗಳ ಪ್ರಕಾರ ಜೋಡಿಸಿದರು, ಮಹಿಳೆಯರಿಗೆಂದೇ ಒಂದು ಸಂಪುಟವನ್ನು ಮೀಸಲಿಟ್ಟರು. ಹದೀಸ್‌ಗಳಲ್ಲಿ 'ಒಬ್ಬ ವ್ಯಕ್ತಿ', 'ಒಬ್ಬ ಮಹಿಳೆ' ಎಂದಷ್ಟೇ ಉಲ್ಲೇಖಿತರಾದವರ ಹೆಸರುಗಳನ್ನು ಹುಡುಕಲು 'ಮುಬ್‌ಹಮಾತ್' ಎಂಬ ಪ್ರತ್ಯೇಕ ಶಾಸ್ತ್ರವೇ ಬೆಳೆಯಿತು. ಖತೀಬ್ ಬಗ್ದಾದೀ(ರ), ಕುರ್ತುಬಾದ ಇಬ್ನ್ ಬಶ್ಕುವಾಲ್(ರ) ಇದರಲ್ಲಿ ಗ್ರಂಥಗಳನ್ನು ರಚಿಸಿದರು.

ಆಡಳಿತದಲ್ಲಿಯೂ ಹೆಸರಿಗೆ ಇಷ್ಟೇ ಬೆಲೆಯಿತ್ತು. ಹಿಜರಿ 20ರ ಸುಮಾರಿಗೆ ಖಲೀಫಾ ಉಮರ್(ರ) ದೀವಾನ್ ಸ್ಥಾಪಿಸಿ, ಭತ್ಯೆ ಪಡೆಯುವವರ ಹೆಸರುಗಳನ್ನು ಬರೆಯಲು ವಂಶಾವಳಿ ಬಲ್ಲ ಅಕೀಲ್ ಇಬ್ನ್ ಅಬೀ ತಾಲಿಬ್, ಮಖ್ರಮಾ ಇಬ್ನ್ ನೌಫಲ್ ಮತ್ತು ಜುಬೈರ್ ಇಬ್ನ್ ಮುತ್‌ಇಮ್(ರ) ಅವರನ್ನು ನೇಮಿಸಿದರು. ಹಿಜರಿ 21ರ ನಹಾವಂದ್ ಯುದ್ಧದ ಸುದ್ದಿ ಮದೀನಾಕ್ಕೆ ಬಂದಾಗ ದೂತರು ಹುತಾತ್ಮರಾದ ಪ್ರಮುಖರನ್ನು ಹೆಸರಿಸಿದರು. ಉಳಿದವರು ತಮಗೆ ಪರಿಚಯವಿಲ್ಲದ ಸಾಮಾನ್ಯ ಜನರು ಎಂದು ಹೇಳಿದಾಗ ಉಮರ್(ರ) ಅತ್ತುಬಿಟ್ಟರು. ಉಮರ್ ತಿಳಿಯದಿದ್ದರೆ ಅವರಿಗೇನು ನಷ್ಟ, ಅಲ್ಲಾಹನು ಅವರನ್ನು ಬಲ್ಲನು ಎಂಬುದು ಅವರ ಮಾತಿನ ಸಾರವಾಗಿತ್ತು.

ಆ ಕಣ್ಣೀರನ್ನು ನೆನೆದಾಗ ನಮಗೊಂದು ವಿಷಯ ಸ್ಪಷ್ಟವಾಗುತ್ತದೆ. ನಮ್ಮ ಚಾಚಾರ ಹೆಸರು ನಮಗೆ ತಿಳಿಯದಿದ್ದುದರಿಂದ ಅವರಿಗೆ ನಷ್ಟವಾಗಲಿಲ್ಲ, ಇನ್ಷಾ ಅಲ್ಲಾಹ್. ನಷ್ಟವಾದದ್ದು ನಮಗೆ. ನಾವು ಅವರ ಹೆಸರನ್ನು ಮರೆತಿರಲಿಲ್ಲ. ಮರೆಯಬೇಕಾದರೆ ಒಮ್ಮೆಯಾದರೂ ಕೇಳಿರಬೇಕಿತ್ತು.

ಆ ಬಳಿಕ ನಮ್ಮ ಮದ್ರಸದಲ್ಲಿ ಸಣ್ಣದೊಂದು ರೂಢಿಯನ್ನು ಆರಂಭಿಸಿದೆವು. ತರಗತಿಯಲ್ಲಿ ಐವರು ಮುಹಮ್ಮದ್‌ರಿದ್ದರೆ 'ಉದ್ದ ಮುಹಮ್ಮದ್', 'ಕಪ್ಪು ಮುಹಮ್ಮದ್' ಎನ್ನುವುದಿಲ್ಲ. ಹೆಸರು, ತಂದೆಯ ಹೆಸರು, ಓಣಿ ಈ ಮೂರನ್ನು ಹೇಳಿ ಹಾಜರಿ ಕರೆಯುತ್ತೇವೆ. ಹೊಸ ಮಗು ಬಂದ ದಿನ, ಅದರ ಹೆಸರಿನ ಅರ್ಥವನ್ನೂ ಆ ಹೆಸರಿನ ಒಬ್ಬ ಸಹಾಬಿಯ ಅಥವಾ ಸಹಾಬಿಯ್ಯಾರ ಕಥೆಯನ್ನೂ ಎಲ್ಲರಿಗೂ ಹೇಳುತ್ತೇವೆ. ಸಲಾಮ್ ಹೇಳುವಾಗ ಹೆಸರು ಸೇರಿಸಿ ಹೇಳುತ್ತೇವೆ. ಮಸೀದಿಯಲ್ಲಿ ನೀರು ತುಂಬಿಸುವವರು, ಮದ್ರಸದಲ್ಲಿ ಅಡುಗೆ ಮಾಡುವ ತಾಯಂದಿರು, ಕಬರ್ ತೋಡುವವರು, ಇವರೆಲ್ಲರ ಹೆಸರು ಮತ್ತು ತಂದೆಯ ಹೆಸರು ನಮ್ಮ ನೋಟು ಪುಸ್ತಕದ ಮೊದಲ ಪುಟದಲ್ಲಿವೆ. ವಾರಕ್ಕೊಮ್ಮೆ ಅವನ್ನು ಓದಿಕೊಳ್ಳುತ್ತೇವೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಆ ವೃದ್ಧರ ಹೆಸರಿದೆ.

ಹಿರಿಯರನ್ನು ಚಾಚಾ, ಖಾಲಾ ಎಂದು ಕರೆಯುವುದು ನಮ್ಮ ಗೌರವದ ರೀತಿ, ಅದು ಹಾಗೆಯೇ ಮುಂದುವರಿಯಲಿ. ಆದರೆ ಪ್ರತಿಯೊಬ್ಬ ಚಾಚಾರಿಗೂ ಅವರ ತಾಯಿ ಪ್ರೀತಿಯಿಂದ ಕೂಗಿದ ಒಂದು ಹೆಸರಿದೆ. ಈ ಲೇಖನವನ್ನು ಓದಿದ ಸಹೋದರ ಸಹೋದರಿಯರು ಇಂದು ತಮ್ಮ ಮನೆಗೆ, ಮಸೀದಿಗೆ, ಓಣಿಗೆ ದುಡಿಯುವ ಒಬ್ಬರ ಹೆಸರನ್ನಾದರೂ ಪೂರ್ಣವಾಗಿ ಕೇಳಿ ತಿಳಿಯಲಿ. ಅವರಿಗಾಗಿ ದುಆ ಮಾಡುವಾಗ ಆ ಹೆಸರು ನಾಲಿಗೆಗೆ ಬರಲಿ.

ಆದಮ್(ಅ)ರಿಗೆ ಮೊದಲ ಪಾಠವಾಗಿ ಹೆಸರುಗಳನ್ನು ಕಲಿಸಿದ ಅಲ್ಲಾಹನು ನಮ್ಮ ಎದೆಯಲ್ಲಿಯೂ ಅವನ ದಾಸರ ಹೆಸರುಗಳಿಗೆ ಜಾಗ ಕೊಡಲಿ. ನಾವು ತಿಳಿಯದೆ ಬಿಟ್ಟ ಎಲ್ಲ ಉಮ್ಮು ಮಿಹ್ಜನ್‌ರ ಮೇಲೆ ಅವನ ಕರುಣೆ ಇರಲಿ. ಆಮೀನ್.